ಹ್ಯಾಮಕ್ ಬಿಡಾರ: ಮರದಿಂದ ಮರಕ್ಕೆ ಕಟ್ಟುವ ಹಾಸಿಗೆ

ಎರಡು ಮರಗಳ ನಡುವೆ ಬಟ್ಟೆಯೊಂದನ್ನು ತೂಗುಬಿಟ್ಟು, ಅದರಲ್ಲೇ ರಾತ್ರಿ ಕಳೆಯುವ ಕ್ರಮಕ್ಕೆ ಹ್ಯಾಮಕ್ ಕ್ಯಾಂಪಿಂಗ್ ಎಂದು ಹೆಸರು. ಗುಡಾರ ಹೂಡುವವರಿಗೆ ಕಲ್ಲಿಲ್ಲದ, ನೀರು ನಿಲ್ಲದ, ಮಟ್ಟಸವಾದ ನೆಲ ಬೇಕು. ಮಲೆನಾಡಿನಂಥ ಕಡೆ ಅಂಥ ಜಾಗ ಹುಡುಕುವುದರಲ್ಲೇ ಹೊತ್ತು ಮುಳುಗುತ್ತದೆ. ಹ್ಯಾಮಕ್ಕಿಗೆ ನೆಲದ ಹಂಗಿಲ್ಲ. ಇಳಿಜಾರು, ಬೇರು, ಕೆಸರು ಯಾವುದಿದ್ದರೂ ಅಡ್ಡಿಯಿಲ್ಲ. ತಕ್ಕ ಅಂತರದಲ್ಲಿ ಗಟ್ಟಿಮುಟ್ಟಾದ ಎರಡು ಮರಗಳಿದ್ದರೆ ಆಯಿತು. ಬಟ್ಟೆ, ಪಟ್ಟಿ, ಸೊಳ್ಳೆಪರದೆ, ಮಳೆಯ ಹೊದಿಕೆ ಎಲ್ಲ ಸೇರಿ ಎರಡು ಕಿಲೋ ಒಳಗೆ ಮುಗಿಸಬಹುದು.

ನೋಡಲು ಇದು ಸೋಮಾರಿಗಳ ಸಾಮಾನು. ಆದರೂ ಮೊದಲ ರಾತ್ರಿಯೇ ಬೆನ್ನು ನೋಯಿಸಿಕೊಂಡು, ಚಳಿಗೆ ನಡುಗಿ, ಇನ್ನು ಇದರ ಸಹವಾಸ ಬೇಡ ಎಂದು ಬಟ್ಟೆ ಮಡಚಿ ಅಟ್ಟಕ್ಕೆ ಹಾಕಿದವರು ಬಹಳ. ಕಾರಣ ಹೆಚ್ಚಾಗಿ ಒಂದೇ: ಮಂಚದಂತೆ ಮಟ್ಟಸವಾಗಲಿ ಎಂದು ಎಳೆದು ಬಿಗಿದಿರುತ್ತಾರೆ. ಹ್ಯಾಮಕ್ ಜೋಲುಬಿದ್ದಿರಬೇಕು. ಅದು ಜೋಲುಬಿದ್ದಷ್ಟೂ ಮಲಗುವವರ ಬೆನ್ನು ನೇರವಾಗುತ್ತದೆ. ಕೇಳಲು ವಿಚಿತ್ರ ಎನಿಸುವ ಈ ಸಂಗತಿಯನ್ನು ಅರಿತರೆ ಕಟ್ಟುವ ಕೆಲಸದ ಮುಕ್ಕಾಲು ಪಾಲು ಬಂದಂತೆ.

ಎಲ್ಲಿಂದ ಬಂತು

ಹ್ಯಾಮಕ್‌ನ ತವರು ಅಮೆರಿಕ ಖಂಡಗಳ ಉಷ್ಣವಲಯ. ಕೆರಿಬಿಯನ್ ದ್ವೀಪಗಳ ಟೈನೊ ಜನರು, ಅಮೆಜಾನ್ ಮತ್ತು ಒರಿನೊಕೊ ನದಿಗಳ ಬಯಲಿನ ಜನರು ಯುರೋಪಿನವರು ಕಾಲಿಡುವ ಮೊದಲೇ ಹತ್ತಿ ಅಥವಾ ನಾರಿನ ನೂಲಿನಿಂದ ಹೆಣೆದ ತೂಗುಹಾಸಿಗೆಗಳಲ್ಲಿ ಮಲಗುತ್ತಿದ್ದರು. 1492ರ ಅಕ್ಟೋಬರ್‌ನಲ್ಲಿ ಬಹಾಮಾ ದ್ವೀಪಗಳನ್ನು ಸುತ್ತುತ್ತಿದ್ದ ಕೊಲಂಬಸ್, ಅಲ್ಲಿನವರ ಹಾಸಿಗೆಗಳು ಹತ್ತಿಯ ಬಲೆಗಳಂತೆ ಇದ್ದುದನ್ನು ತನ್ನ ದಿನಚರಿಯಲ್ಲಿ ಬರೆದುಕೊಂಡ. ಸ್ಪೇನಿನ ಇತಿಹಾಸಕಾರ ಗೊಂಜಾಲೊ ಫೆರ್ನಾಂಡೆಜ್ ದೆ ಒವಿಯೆದೊ 1535ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಅದರ ಚಿತ್ರವನ್ನೂ ಕೊಟ್ಟ. ಸದಾ ಒದ್ದೆಯಾಗಿರುವ, ಹಾವು ಚೇಳು ಇರುವೆಗಳು ಹರಿದಾಡುವ ನೆಲದಿಂದ ಮೈಯನ್ನು ಎತ್ತಿಡುವುದು ಅಲ್ಲಿನ ಬದುಕಿನ ಅಗತ್ಯವಾಗಿತ್ತು. ಚಳಿಯ ರಾತ್ರಿಗಳಲ್ಲಿ ಅಮೆಜಾನಿನವರು ಹ್ಯಾಮಕ್‌ನ ಕೆಳಗೆ ಸಣ್ಣದೊಂದು ಬೆಂಕಿ ಉಳಿಸಿಕೊಳ್ಳುತ್ತಿದ್ದರು. ಅದರ ಮರ್ಮ ಮುಂದೆ ಬರುತ್ತದೆ.

ಯುರೋಪಿನಲ್ಲಿ ಇದನ್ನು ಮೊದಲು ಮನಸಾರೆ ಒಪ್ಪಿಕೊಂಡವರು ನಾವಿಕರು. ಹಡಗು ಅತ್ತಿತ್ತ ವಾಲಿದರೂ ತೂಗುಹಾಸಿಗೆ ನೆಟ್ಟಗೆ ನೇತಾಡುತ್ತದೆ, ಮಲಗಿದವನು ಉರುಳಿ ಬೀಳುವುದಿಲ್ಲ. ಇಂಗ್ಲೆಂಡಿನ ನೌಕಾಪಡೆ 1597ರಲ್ಲಿ ಇದನ್ನು ಅಧಿಕೃತವಾಗಿ ಅಳವಡಿಸಿಕೊಂಡಿತು. ಫಿರಂಗಿ ಅಟ್ಟದಲ್ಲಿ ಒಬ್ಬೊಬ್ಬ ನಾವಿಕನಿಗೆ ಸಿಗುತ್ತಿದ್ದ ಅಗಲ 14 ಅಂಗುಲ. ಅರ್ಧ ಮಂದಿ ಪಾಳಿಯಲ್ಲಿ ಇರುತ್ತಿದ್ದುದರಿಂದ ಉಸಿರಾಡಲು ಜಾಗ ಆಗುತ್ತಿತ್ತು ಅಷ್ಟೆ. ಬೆಳಿಗ್ಗೆ ಅವನ್ನು ಬಿಗಿಯಾಗಿ ಸುತ್ತಿ ಹಡಗಿನ ಅಂಚಿನುದ್ದಕ್ಕೂ ಸಾಲಾಗಿ ತುರುಕಿಡುತ್ತಿದ್ದರು. ಕಾಳಗದಲ್ಲಿ ಬಂದೂಕಿನ ಗುಂಡಿಗೆ ಅದೇ ತಡೆಗೋಡೆ. ಸಮುದ್ರದಲ್ಲಿ ಸತ್ತವನನ್ನು ಅವನ ಹ್ಯಾಮಕ್‌ನಲ್ಲೇ ಹೊಲಿದು ನೀರಿಗೆ ಇಳಿಸುವ ಪದ್ಧತಿಯೂ ಇತ್ತು.

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಕಾಡಿನ ಯುದ್ಧಕ್ಕೆಂದು ಸೊಳ್ಳೆಪರದೆ ಮತ್ತು ಮಳೆ ತಡೆಯುವ ಮಾಡು ಎರಡನ್ನೂ ಹೊಲಿದು ಸೇರಿಸಿದ ಹ್ಯಾಮಕ್ ಮಾಡಿಸಿತು. ಇಂದಿನ ಬಿಡಾರದ ಹ್ಯಾಮಕ್‌ನ ರೂಪ ಅಲ್ಲೇ ಇದೆ. ಮುಂದೆ ತೆಳುವಾದ ನೈಲಾನ್ ಬಟ್ಟೆ ಬಂದು ತೂಕ ಇಳಿಯಿತು. ಕೆನಡಾದ ಟಾಮ್ ಹೆನೆಸ್ಸಿಯಂಥ ವಿನ್ಯಾಸಕಾರರು ಚಾರಣಿಗರಿಗೆಂದೇ ಹೊಸ ಮಾದರಿಗಳನ್ನು ತಂದರು. ಚಂದ್ರನ ಮೇಲೂ ಹ್ಯಾಮಕ್ ಕಟ್ಟಿದ್ದುಂಟು: ಅಪೊಲೊ 11ರ ಇಬ್ಬರು ನೌಕೆಯ ಇಕ್ಕಟ್ಟಿನಲ್ಲಿ ಸರಿಯಾಗಿ ನಿದ್ದೆ ಮಾಡಲಾಗದೆ ಒದ್ದಾಡಿದ್ದರು. 1969ರ ನವೆಂಬರ್‌ನಲ್ಲಿ ಹೋದ ಅಪೊಲೊ 12ರವರಿಗೆ ಚಂದ್ರನೌಕೆಯೊಳಗೆ ಹ್ಯಾಮಕ್ ಕೊಡಲಾಯಿತು.

ಯಾವುದನ್ನು ಕೊಳ್ಳುವುದು

ರೆಸಾರ್ಟುಗಳ ಹುಲ್ಲುಹಾಸಿನ ಮೇಲೆ, ಎರಡು ತುದಿಗೂ ಮರದ ಕೋಲು ಹೊಲಿದು ಅಗಲವಾಗಿ ಹರಡಿಟ್ಟ ಹಗ್ಗದ ಹ್ಯಾಮಕ್ ಕಾಣಸಿಗುತ್ತದೆ. ಚಿತ್ರದಲ್ಲಿ ಚೆಂದ. ಅದರಲ್ಲಿ ಮಲಗುವವರ ಭಾರ ಕಟ್ಟುವ ಬಿಂದುಗಳಿಗಿಂತ ಹೆಚ್ಚು ಕೆಳಗೆ ಇರುವುದಿಲ್ಲ, ಹಾಗಾಗಿ ಸ್ವಲ್ಪ ಮಗ್ಗುಲಾದರೂ ಮಗುಚಿಕೊಳ್ಳುತ್ತದೆ. ಹೊತ್ತು ತಿರುಗಲೂ ಆಗದು. ಬಿಡಾರಕ್ಕೆ ಬೇಕಾದ್ದು ಕೋಲಿಲ್ಲದ, ಎರಡೂ ತುದಿಯ ಬಟ್ಟೆಯನ್ನು ನೆರಿಗೆಯಾಗಿ ಕೂಡಿಸಿ ಕಟ್ಟಿದ ಹ್ಯಾಮಕ್.

ಇದರಲ್ಲಿ ಮುಖ್ಯವಾದ ಅಳತೆ ಉದ್ದ. ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವುವು ಒಂಬತ್ತು ಅಡಿಯ ಆಸುಪಾಸು ಇರುತ್ತವೆ. ಮಧ್ಯಾಹ್ನ ಪುಸ್ತಕ ಹಿಡಿದು ಒರಗಲು ಅಷ್ಟು ಸಾಕು. ರಾತ್ರಿಯಿಡೀ ಮಲಗುವುದಾದರೆ ಹತ್ತರಿಂದ ಹನ್ನೊಂದು ಅಡಿ ಉದ್ದ, ಐದು ಅಡಿ ಅಗಲ ಬೇಕು. ಇಬ್ಬರು ಮಲಗುವ ಹ್ಯಾಮಕ್ ಎಂದು ಮಾರುವುದು ಒಬ್ಬರಿಗೆ ಸರಿಯಾದ ಅಳತೆ ಎಂದು ತಿಳಿದರೆ ತಪ್ಪಿಲ್ಲ. ಇಬ್ಬರು ಮಲಗಿದರೆ ಇಬ್ಬರೂ ನಡುವಿಗೆ ಜಾರಿ ಒಬ್ಬರ ಮೇಲೊಬ್ಬರು ಬೀಳುತ್ತಾರೆ.

ಬಟ್ಟೆ ಸಾಮಾನ್ಯವಾಗಿ ರಿಪ್‌ಸ್ಟಾಪ್ ನೈಲಾನ್ ಅಥವಾ ಪಾಲಿಯೆಸ್ಟರ್, ಎಂದರೆ ಒಂದೆಡೆ ಹರಿದರೂ ಹರಿತ ಮುಂದುವರಿಯದಂತೆ ಚೌಕುಳಿಯಾಗಿ ದಪ್ಪ ಎಳೆ ಸೇರಿಸಿ ನೇಯ್ದದ್ದು. ಮೆಕ್ಸಿಕೊದ ಯುಕಟಾನ್ ಕಡೆಯ ಹೆಣೆದ ಹತ್ತಿ ಹ್ಯಾಮಕ್ ಮೈಗೆ ಹಿತ, ಗಾಳಿಯಾಡುತ್ತದೆ. ಆದರೆ ನೀರು ಹೀರಿ ಭಾರವಾಗುತ್ತದೆ, ಗುಂಡಿ ಕೊಕ್ಕೆಗಳಿಗೆ ಸಿಕ್ಕಿಕೊಳ್ಳುತ್ತದೆ. ಅದನ್ನು ಮನೆಯ ಜಗಲಿಗೆ ಇಟ್ಟುಕೊಳ್ಳಿ.

ಜೋಲು ಮತ್ತು ಕೋನ

ತೊಲೆಗೆ ಸೀರೆ ಕಟ್ಟಿ ಮಗುವನ್ನು ಮಲಗಿಸುವ ಜೋಲಿಯನ್ನು ಯಾರೂ ಎಳೆದು ಬಿಗಿಯುವುದಿಲ್ಲ. ಆಳವಾಗಿ ಇಳಿಬಿಡುತ್ತಾರೆ, ಮಗು ಹೊರಗೆ ಬೀಳದೆ ಒಳಗೇ ಕುಳಿತಿರುತ್ತದೆ. ದೊಡ್ಡವರ ಹ್ಯಾಮಕ್ಕಿಗೂ ಅದೇ ನ್ಯಾಯ. ಮರದಿಂದ ಹ್ಯಾಮಕ್‌ವರೆಗೆ ಬರುವ ಪಟ್ಟಿ ಅಡ್ಡಗೆರೆಗೆ 30 ಡಿಗ್ರಿ ಕೋನದಲ್ಲಿ ಇಳಿದಿರಬೇಕು ಎಂಬುದು ಎಲ್ಲರೂ ಒಪ್ಪಿದ ಲೆಕ್ಕ. ಕೋನಮಾಪಕ ಬೇಕಿಲ್ಲ: ಪಟ್ಟಿ ಅಡ್ಡಲಾಗಿ ಏಳು ಗೇಣು ಸಾಗುವಷ್ಟರಲ್ಲಿ ನಾಲ್ಕು ಗೇಣು ಕೆಳಗಿಳಿದರೆ ಅದು 30 ಡಿಗ್ರಿ.

ಈ ಸಂಖ್ಯೆಯ ಹಿಂದೆ ಸರಳ ಭೌತಶಾಸ್ತ್ರ ಇದೆ. ಪಟ್ಟಿಯೊಳಗಿನ ಎಳೆತದಲ್ಲಿ ಮೇಲ್ಮುಖವಾದ ಅಂಶ ಮಾತ್ರ ನಮ್ಮ ಭಾರ ಹೊರುತ್ತದೆ. ಪಟ್ಟಿ ಅಡ್ಡವಾದಷ್ಟೂ ಆ ಅಂಶ ಕುಗ್ಗಿ, ಅದೇ ಭಾರ ಹೊರಲು ಒಟ್ಟು ಎಳೆತ ಬೆಳೆಯುತ್ತ ಹೋಗುತ್ತದೆ. 70 ಕಿಲೋ ತೂಗುವ ಒಬ್ಬರು ಮಲಗಿದರೆ, 30 ಡಿಗ್ರಿಯಲ್ಲಿ ಒಂದೊಂದು ಬದಿಯ ಪಟ್ಟಿಯ ಮೇಲೂ ಸರಿಯಾಗಿ 70 ಕಿಲೋದಷ್ಟು ಎಳೆತ ಬೀಳುತ್ತದೆ. 15 ಡಿಗ್ರಿಗೆ ಬಿಗಿದರೆ ಅದು 135 ಕಿಲೋ. 10 ಡಿಗ್ರಿಯಲ್ಲಿ 200. ಇನ್ನೂ ಮಟ್ಟಸ ಮಾಡುವ ಹಟಕ್ಕೆ ಬಿದ್ದು 5 ಡಿಗ್ರಿಗೆ ತಂದರೆ ಪ್ರತಿ ಬದಿಗೆ 400 ಕಿಲೋ. ಇದು ಅಲುಗಾಡದೆ ಮಲಗಿದಾಗಿನ ಮಾತು. ಧೊಪ್ಪನೆ ಕೂತರೆ ಕ್ಷಣಕಾಲ ಅದಕ್ಕಿಂತಲೂ ಹೆಚ್ಚು. ಹೊಲಿಗೆ ಬಿಡುವುದು, ಕೊಕ್ಕೆ ತೆರೆದುಕೊಳ್ಳುವುದು, ತೆಳ್ಳನೆಯ ಮರ ಬಾಗುವುದು ಎಲ್ಲದರ ಮೂಲ ಇಲ್ಲಿದೆ.

ಮನೆಯಲ್ಲಿ ಕಟ್ಟುವವರು ಇದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ನೋಡಬೇಕು. ಸರಿಯಾದ 30 ಡಿಗ್ರಿಯಲ್ಲಿ ಕಟ್ಟಿದರೂ ಕಂಬವನ್ನು ಒಳಕ್ಕೆ ಎಳೆಯುವ ಅಡ್ಡಬಲ 60 ಕಿಲೋದಷ್ಟು ಇರುತ್ತದೆ. ಗೇಟಿನ ಪಕ್ಕದ ಇಟ್ಟಿಗೆ ಕಂಬ, ಟೆರೇಸಿನ ಪ್ಯಾರಪೆಟ್ ಗೋಡೆ ಇವು ಮೇಲಿನಿಂದ ಬರುವ ಭಾರಕ್ಕೆ ಕಟ್ಟಿದವು, ಪಕ್ಕದ ಎಳೆತಕ್ಕಲ್ಲ. ಇಟ್ಟಿಗೆ ಕಂಬ ಮೇಲೆ ಕುಸಿದು ಹ್ಯಾಮಕ್‌ನಲ್ಲಿದ್ದವರು ಸತ್ತ ಘಟನೆಗಳು ಹೊರದೇಶಗಳಲ್ಲಿ ನಡೆದಿವೆ. ಆರ್‌ಸಿಸಿ ಕಂಬ, ಬೇರೂರಿದ ಮರ ಇವೆರಡನ್ನು ಬಿಟ್ಟು ಬೇರೆ ಯಾವುದನ್ನೂ ನಂಬಬೇಡಿ.

ಅಳತೆಗಳಿಗೆ ಬರೋಣ. ಹನ್ನೊಂದು ಅಡಿಯ ಹ್ಯಾಮಕ್ಕಿಗೆ ಮರಗಳ ನಡುವಿನ ಅಂತರ 4ರಿಂದ 4.5 ಮೀಟರ್ ಇದ್ದರೆ ಉತ್ತಮ. ಪಟ್ಟಿಯನ್ನು ನೆಲದಿಂದ 1.7ರಿಂದ 1.9 ಮೀಟರ್ ಎತ್ತರದಲ್ಲಿ, ಹೆಚ್ಚುಕಡಿಮೆ ಆಳುದ್ದದಲ್ಲಿ ಸುತ್ತಿದರೆ, ಕೂತಾಗ ಹ್ಯಾಮಕ್‌ನ ನಡು ಕುರ್ಚಿಯ ಎತ್ತರಕ್ಕೆ, ಎಂದರೆ 45 ಸೆಂಟಿಮೀಟರಿಗೆ ಬಂದು ನಿಲ್ಲುತ್ತದೆ. ಮರಗಳು ದೂರವಾದರೆ ಪಟ್ಟಿ ಮೇಲೇರಬೇಕು: 6 ಮೀಟರ್ ಅಂತರಕ್ಕೆ 2.3 ಮೀಟರ್ ಎತ್ತರ ಬೇಕಾಗುತ್ತದೆ, ಕೈಗೆ ಎಟುಕುವುದೇ ಕಷ್ಟ. 3 ಮೀಟರಿಗಿಂತ ಹತ್ತಿರದ ಮರಗಳನ್ನು ಬಿಟ್ಟುಬಿಡಿ. ಎತ್ತರದಲ್ಲಿ ಕಟ್ಟಿ ಫೋಟೊ ತೆಗೆಸಿಕೊಳ್ಳುವ ಚಪಲ ಕೆಲವರಿಗಿದೆ. ಬಿದ್ದರೆ ಎದ್ದು ಕೂರುವಷ್ಟು ಎತ್ತರವೇ ಹ್ಯಾಮಕ್‌ನ ಎತ್ತರ; ಕೆಳಗೆ ಕಲ್ಲು, ಕಡಿದ ಗಿಡದ ಮೊನಚು ಬೊಡ್ಡೆ ಇಲ್ಲದಂತೆಯೂ ನೋಡಿಕೊಳ್ಳಬೇಕು.

ಪ್ರತಿ ಸಲವೂ ಮರಗಳ ಅಂತರ ಬೇರೆಯಾಗುವುದರಿಂದ ಜೋಲನ್ನು ಒಂದೇ ಸಮ ಉಳಿಸಿಕೊಳ್ಳಲು ಒಂದು ಉಪಾಯ ಬಳಕೆಯಲ್ಲಿದೆ. ಹ್ಯಾಮಕ್‌ನ ಎರಡು ತುದಿಗಳ ನಡುವೆ, ಮಲಗುವವರ ಮೂಗಿನ ಮೇಲ್ಗಡೆ ಹಾದುಹೋಗುವಂತೆ, ತೆಳುವಾದ ಗಟ್ಟಿ ದಾರವೊಂದನ್ನು ಖಾಯಂ ಕಟ್ಟಿಬಿಡುವುದು. ಇದಕ್ಕೆ ರಿಡ್ಜ್‌ಲೈನ್ ಎನ್ನುತ್ತಾರೆ. ಅದರ ಉದ್ದ ಹ್ಯಾಮಕ್‌ನ ಉದ್ದದ ಶೇಕಡ 83ರಷ್ಟು ಇರಬೇಕು. ಹನ್ನೊಂದು ಅಡಿಯ ಬಟ್ಟೆಗೆ ಸುಮಾರು 2.8 ಮೀಟರ್ ದಾರ. ಆಮೇಲೆ ಮರಗಳು ಎಷ್ಟೇ ದೂರವಿರಲಿ, ಬಟ್ಟೆಯ ಜೋಲು ಬದಲಾಗದು. ಮಲಗಿ ಆ ದಾರವನ್ನು ಎರಡು ಬೆರಳಿನಲ್ಲಿ ಹಿಡಿದು ತಿರುಚಿ ನೋಡಿ. ಸ್ವಲ್ಪ ಬಾಗಿದರೆ ಕಟ್ಟಿದ್ದು ಸರಿ. ತಂಬೂರಿಯ ತಂತಿಯಂತೆ ಮಿಡಿದರೆ ಪಟ್ಟಿ ಸಡಿಲಿಸಬೇಕು. ಸೊಳ್ಳೆಪರದೆ, ಕನ್ನಡಕ, ಟಾರ್ಚ್ ತೂಗುಹಾಕಲೂ ಅದೇ ದಾರ ಒದಗುತ್ತದೆ.

ಓರೆಯಾಗಿ ಮಲಗುವುದು

ಹ್ಯಾಮಕ್‌ನ ನಡುಗೆರೆಯ ಮೇಲೆ ತಲೆಯಿಂದ ಕಾಲಿನವರೆಗೆ ನೇರ ಮಲಗಿದರೆ ಮೈ ಬಾಳೆಕಾಯಿಯಂತೆ ಬಾಗುತ್ತದೆ, ಮಂಡಿ ಹಿಂದಕ್ಕೆ ಸೆಟೆಯುತ್ತದೆ, ಭುಜಗಳನ್ನು ಬಟ್ಟೆ ಹಿಂಡುತ್ತದೆ. ದಾರಿ ಇಷ್ಟೇ: ನಡುವಿನಲ್ಲಿ ಕೂತು, ಹಿಂದಕ್ಕೆ ಒರಗಿ, ತಲೆಯನ್ನು ಒಂದು ಬದಿಗೂ ಕಾಲನ್ನು ಇನ್ನೊಂದು ಬದಿಗೂ ಸರಿಸಿ ಕರ್ಣರೇಖೆಯಲ್ಲಿ ಚಾಚಿಕೊಳ್ಳಬೇಕು. ಬಟ್ಟೆ ಜೋಲುಬಿದ್ದಿದ್ದರೆ ಮಾತ್ರ ಹೀಗೆ ಓರೆಯಾಗಲು ಅದು ಬಿಡುತ್ತದೆ. ಓರೆಯಾದೊಡನೆ ಮೈ ಕೆಳಗಿನ ಬಟ್ಟೆ ಅಗಲಕ್ಕೆ ಬಿಚ್ಚಿಕೊಂಡು ಬೆನ್ನು ಬಹುಮಟ್ಟಿಗೆ ಸಪಾಟಾಗುತ್ತದೆ. ಬಿಗಿದ ಹ್ಯಾಮಕ್ ಈ ಅವಕಾಶವನ್ನೇ ಕಿತ್ತುಕೊಳ್ಳುತ್ತದೆ.

ಕಾಲಿನ ಕಡೆಯನ್ನು ತಲೆಯ ಕಡೆಗಿಂತ ಒಂದು ಗೇಣು ಎತ್ತರಕ್ಕೆ ಕಟ್ಟಿದರೆ ನಿದ್ದೆಯಲ್ಲಿ ಮೈ ಕೆಳಕ್ಕೆ ಜಾರುವುದು ನಿಲ್ಲುತ್ತದೆ. ಮಂಡಿಯ ಕೆಳಗೆ ಮಡಚಿದ ಅಂಗಿಯೊಂದನ್ನು ಇಟ್ಟುಕೊಂಡರೆ ಇನ್ನೂ ಸುಖ. ಮಗ್ಗುಲಾಗಿ ಮಲಗುವವರೂ ಹೊಂದಿಕೊಳ್ಳುತ್ತಾರೆ. ಬೋರಲು ಮಲಗುವ ಅಭ್ಯಾಸವಿದ್ದವರಿಗೆ ಹ್ಯಾಮಕ್ ಹೇಳಿಸಿದ್ದಲ್ಲ.

ತೂಗಾಟದಿಂದ ನಿದ್ದೆ ಬೇಗ ಹತ್ತುತ್ತದೆ ಎಂಬ ಅನುಭವಕ್ಕೆ ಆಧಾರವೂ ಇದೆ. ಜಿನೀವಾ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಧ್ಯಾಹ್ನದ ನಿದ್ದೆಗೆ ಮಲಗಿದ 12 ಮಂದಿ ನಿಶ್ಚಲ ಮಂಚಕ್ಕಿಂತ ನಿಧಾನವಾಗಿ ತೂಗುವ ಮಂಚದಲ್ಲಿ ಬೇಗ ನಿದ್ದೆಹೋದರು. ಅದು ಯಂತ್ರ ತೂಗಿದ ಮಂಚ, ಹ್ಯಾಮಕ್ ಅಲ್ಲ ಎಂಬುದನ್ನು ಮಾರಾಟಗಾರರು ಹೇಳುವುದಿಲ್ಲ.

ಪಟ್ಟಿ, ಕೊಕ್ಕೆ, ಗಂಟು

ಹ್ಯಾಮಕ್ ಜೊತೆಗೆ ಕೆಲವು ತಯಾರಕರು ತೆಳ್ಳನೆಯ ಹಗ್ಗ ಕೊಡುತ್ತಾರೆ. ಅದನ್ನು ಬಟ್ಟೆ ಒಣಹಾಕಲು ಇಟ್ಟುಕೊಂಡು, ಮರಕ್ಕೆ ಕನಿಷ್ಠ ಒಂದು ಅಂಗುಲ ಅಗಲದ ಪಟ್ಟಿ ಕೊಳ್ಳಿ. ತೊಗಟೆಯ ಒಳಪದರದಲ್ಲೇ ಎಲೆಗಳಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವ ನಾಳಗಳಿರುವುದು. ತೆಳ್ಳನೆಯ ಹಗ್ಗ 70, 80 ಕಿಲೋ ಎಳೆತದಲ್ಲಿ ಮರವನ್ನು ಸುತ್ತಲೂ ಕೊರೆದರೆ ಆ ಪದರ ಜಜ್ಜಿಹೋಗುತ್ತದೆ. ಒಂದೇ ಮರಕ್ಕೆ ವಾರವಾರವೂ ಯಾರಾದರೂ ಕಟ್ಟುತ್ತಿದ್ದರೆ ಅದು ಸೊರಗಿ ಸಾಯಲೂಬಹುದು. ಪಟ್ಟಿ ಅಗಲವಾದಷ್ಟೂ ಒತ್ತಡ ಹರಡಿಕೊಳ್ಳುತ್ತದೆ.

ಪಟ್ಟಿ ಪಾಲಿಯೆಸ್ಟರಿನದಾಗಿರಲಿ. ನೈಲಾನ್ ಭಾರಕ್ಕೆ ಹಿಗ್ಗುತ್ತದೆ, ಒದ್ದೆಯಾದರೆ ಇನ್ನೂ ಹಿಗ್ಗುತ್ತದೆ. ಸಂಜೆ ಕುರ್ಚಿಯೆತ್ತರಕ್ಕೆ ಕಟ್ಟಿದ್ದು ಬೆಳಗಿನ ಜಾವ ಬೆನ್ನು ನೆಲಕ್ಕೆ ತಾಗಿಸುತ್ತದೆ. ಚಾರಣದ ಸಾಮಾನಿನ ಅಂಗಡಿಯ ಬೆಲೆ ದುಬಾರಿ ಎನಿಸಿದರೆ, ಲಾರಿಯಲ್ಲಿ ಸಾಮಾನು ಬಿಗಿಯಲು ಬಳಸುವ ಬೆಲ್ಟುಗಳನ್ನು ನೋಡಿ. ಅವು ಸಾಮಾನ್ಯವಾಗಿ ಪಾಲಿಯೆಸ್ಟರಿನವೇ, ತಾಳುವ ಭಾರವನ್ನು ಅವುಗಳ ಮೇಲೇ ಅಚ್ಚು ಹಾಕಿರುತ್ತಾರೆ. ಕಬ್ಬಿಣದ ಗೇರನ್ನು ಕತ್ತರಿಸಿ ತೆಗೆದು ಪಟ್ಟಿಯನ್ನಷ್ಟೇ ಉಳಿಸಿಕೊಳ್ಳಿ.

ಹೊಸಬರಿಗೆ ಸುಲಭವಾದದ್ದು ಉದ್ದಕ್ಕೂ ಕುಣಿಕೆಗಳನ್ನು ಹೊಲಿದ ಡೈಸಿ ಚೈನ್ ಪಟ್ಟಿ. ಮರಕ್ಕೆ ಸುತ್ತಿ, ತುದಿಯ ಕುಣಿಕೆಯೊಳಗೆ ಪಟ್ಟಿಯನ್ನು ತೂರಿಸಿ ಎಳೆದು, ಬೇಕಾದ ಕುಣಿಕೆಗೆ ಕ್ಯಾರಾಬಿನರ್ ಎಂಬ ಕೊಕ್ಕೆ ಸಿಕ್ಕಿಸಿದರೆ ಮುಗಿಯಿತು. ಒಂದೇ ಒಂದು ಗಂಟೂ ಬೇಡ. ಕ್ಯಾರಾಬಿನರ್ ಮೇಲೆ ಕಿಲೋನ್ಯೂಟನ್ ಲೆಕ್ಕ ಕೊರೆದಿರಬೇಕು. ಒಂದು ಕಿಲೋನ್ಯೂಟನ್ ಎಂದರೆ ಹೆಚ್ಚುಕಡಿಮೆ ನೂರು ಕಿಲೋ ಭಾರ. 12 ಎಂದಿದ್ದರೆ ಧಾರಾಳ ಸಾಕು. ಕೀಲಿಗೊಂಚಲಿಗೆ ಹಾಕುವ ಬಣ್ಣದ ಕೊಕ್ಕೆಗಳೂ ನೋಡಲು ಹಾಗೇ ಇರುತ್ತವೆ, ಅವನ್ನು ಮುಟ್ಟಬೇಡಿ.

ಅನುಭವ ಬಂದವರು ತೂಕ ಇಳಿಸಲು ಡೈನೀಮಾ ಎಂಬ ನೂಲಿನ ಹಗ್ಗಕ್ಕೆ ಹೋಗುತ್ತಾರೆ. ಪೆನ್ಸಿಲಿಗಿಂತ ತೆಳ್ಳಗಿದ್ದು ಟನ್‌ಗಟ್ಟಲೆ ಎಳೆತ ತಡೆಯುವ, ಹಿಗ್ಗದ, ನೀರಲ್ಲಿ ತೇಲುವ ಹಗ್ಗ ಅದು. ಅದರ ಮೈ ಎಷ್ಟು ನುಣುಪೆಂದರೆ ಸಾಮಾನ್ಯ ಗಂಟುಗಳು ಜಾರಿಬಿಡುತ್ತವೆ. ಹಗ್ಗವನ್ನು ಅದರದೇ ಒಡಲೊಳಗೆ ಹುಗಿಸಿ ಕುಣಿಕೆ ಮಾಡುವ ವಿದ್ಯೆ ಕಲಿತ ಮೇಲೆ ಮಾತ್ರ ಅದರ ಬಳಿ ಹೋಗಬೇಕು.

ಮರ ಆರಿಸುವುದು

ಒಂದು ಗೇಣಾದರೂ ಅಡ್ಡಳತೆ ಇರುವ ಜೀವಂತ ಮರ ಬೇಕು. ಕಟ್ಟುವ ಮುನ್ನ ಕೈಯಿಂದ ತಳ್ಳಿ ನೋಡಿ. ತುದಿ ಅಲ್ಲಾಡಿದರೆ ಬೇಡ. ಬುಡ ಬಡಿದಾಗ ಟೊಳ್ಳು ಸದ್ದು ಬಂದರೂ ಬೇಡ. ಬಳಿಕ ಕತ್ತೆತ್ತಿ ಮೇಲೆ ನೋಡಿ, ನಿಮ್ಮ ಎರಡು ಮರಗಳನ್ನಷ್ಟೇ ಅಲ್ಲ, ಸುತ್ತಲಿನವನ್ನೂ. ಒಣಗಿ ಸಿಕ್ಕಿಹಾಕಿಕೊಂಡ ಕೊಂಬೆ ಒಂದೇ ಒಂದಿದ್ದರೂ ಜಾಗ ಬದಲಿಸಬೇಕು. ಹ್ಯಾಮಕ್ ಬಿಡಾರದಲ್ಲಿ ಹಾವಿಗಿಂತ, ಚಿರತೆಗಿಂತ ಹೆಚ್ಚು ಅಂಜಬೇಕಾದ್ದು ಈ ಒಣಕೊಂಬೆಗೆ.

ನಮ್ಮ ಕಡೆಯ ಮರಗಳ ಗುಣದೋಷ ಬಲ್ಲವರಿಗೆ ಆಯ್ಕೆ ಸುಲಭ. ಮತ್ತಿ, ಹೊನ್ನೆ, ನಂದಿ, ಮಾವು ಇವುಗಳ ಕಾಂಡ ನಂಬಬಹುದು. ಹಲಸಿನ ಮರ ಗಟ್ಟಿ, ಕಾಯಿ ಇರುವ ಕಾಲದಲ್ಲಿ ಕೆಳಗೆ ಮಲಗುವವರ ಧೈರ್ಯ ಇನ್ನೂ ಗಟ್ಟಿ. ತೆಂಗಿನ ತೋಟದ ಚಿತ್ರಗಳು ಎಷ್ಟೇ ಮೋಹಕವಾಗಿರಲಿ, ಕಾಯಿ ಮತ್ತು ಗರಿ ಬೀಳುವ ಹೊತ್ತು ಗೊತ್ತುಮಾಡಿಕೊಂಡು ಬೀಳುವುದಿಲ್ಲ. ಅಡಿಕೆ ಮರಕ್ಕಂತೂ ಕಟ್ಟಲೇಬಾರದು: ಸಣಕಲು ಕಾಂಡ, ಮೇಲುಮೇಲಿನ ಬೇರು, ಪಕ್ಕದ ಎಳೆತ ತಡೆಯುವ ಮೈಯಲ್ಲ ಅದರದು. ನುಗ್ಗೆ, ಹಾಲುವಾಣ ಮೆತು ಮರಗಳು. ನೀಲಗಿರಿ ಗಾಳಿಯಿಲ್ಲದಾಗಲೂ ಕೊಂಬೆ ಉದುರಿಸುತ್ತದೆ. ಕರಾವಳಿಯಲ್ಲಿ ಗಾಳಿಮರದ ತೋಪುಗಳಿವೆ. ಬಲಿತ ಗಾಳಿಮರಗಳ ಸಾಲು ಹ್ಯಾಮಕ್ಕಿಗೆಂದೇ ಅಳತೆ ಹಿಡಿದು ನೆಟ್ಟಂತಿರುತ್ತದೆ. ಕಾಫಿ ತೋಟದ ಸಿಲ್ವರ್ ಓಕ್ ಕಾಂಡ ನೇರ, ಆದರೆ ಅದನ್ನು ತಬ್ಬಿಕೊಂಡು ಮೆಣಸಿನ ಬಳ್ಳಿ ಹಬ್ಬಿರುತ್ತದೆ. ಬಳ್ಳಿಯ ಮೇಲೆ ಪಟ್ಟಿ ಬಿಗಿದು ಮಲಗಿದ ನೆಂಟನನ್ನು ಯಾವ ಬೆಳೆಗಾರನೂ ಎರಡನೇ ಸಲ ಕರೆಯುವುದಿಲ್ಲ.

ಕಾಡಿನಲ್ಲಿ ಗೇರು ಜಾತಿಯ ಕೆಲವು ಮರಗಳಿವೆ. ಅವುಗಳ ಸೊನೆ ತಾಗಿದರೆ ಮೈ ಬೊಬ್ಬೆ ಬರುತ್ತದೆ, ಕೆಲವರಿಗೆ ಮುಖ ಊದಿಕೊಳ್ಳುತ್ತದೆ. ಕಾಂಡದ ಮೇಲೆ ಕಪ್ಪಾಗಿ ಒಸರಿ ಒಣಗಿದ ಗುರುತು ಕಂಡರೆ ದೂರ ಸರಿಯಿರಿ. ಎಲೆಗಳನ್ನು ಹೊಲಿದು ಗೂಡು ಕಟ್ಟುವ ಚಗಳಿ ಇರುವೆಗಳನ್ನೂ ಗಮನಿಸಬೇಕು. ಅವು ಪಟ್ಟಿಯ ಮೇಲೆ ಸಾಲುಗಟ್ಟಿ ಬಂದು ಹ್ಯಾಮಕ್ ಸೇರಿದರೆ ರಾತ್ರಿ ಅಲ್ಲಿಗೆ ಮುಗಿಯಿತು. ಚಗಳಿ ಚಟ್ನಿ ಇಷ್ಟಪಡುವವರಿಗೂ ಈ ಭೇಟಿ ರುಚಿಸದು.

ಬೆನ್ನಡಿಯ ಚಳಿ

ಹ್ಯಾಮಕ್‌ನಲ್ಲಿ ಮೊದಲು ಮಲಗುವವರಿಗೆ ಅಚ್ಚರಿ ತರುವುದು ಕೆಳಗಿನಿಂದ ಏರುವ ಚಳಿ. ಮೇಲೆ ದಪ್ಪ ಹೊದಿಕೆ ಇದ್ದರೂ ಬೆನ್ನು, ಪಿರ್ರೆ ತಣ್ಣಗಾಗುತ್ತವೆ. ಹೊದಿಕೆ ಬೆಚ್ಚಗಿಡುವುದು ತನ್ನೊಳಗೆ ಹಿಡಿದಿಟ್ಟ ಗಾಳಿಯಿಂದ. ಸ್ಲೀಪಿಂಗ್ ಬ್ಯಾಗಿನ ಮೇಲೆ ನಾವು ಮಲಗಿದಾಗ ಮೈ ಕೆಳಗಿನ ಭಾಗ ಅಪ್ಪಚ್ಚಿಯಾಗಿ ಆ ಗಾಳಿ ಹೊರಟುಹೋಗುತ್ತದೆ. ಇತ್ತ ಹ್ಯಾಮಕ್‌ನ ಅಡಿಯಲ್ಲಿ ಬೀಸುವ ಗಾಳಿ ತೆಳು ಬಟ್ಟೆಯ ಮೂಲಕ ಶಾಖವನ್ನು ಎತ್ತಿಕೊಂಡು ಹೋಗುತ್ತಲೇ ಇರುತ್ತದೆ. ನೆಲ ಎಷ್ಟೇ ತಣ್ಣಗಿರಲಿ, ಹೀಗೆ ಹರಿಯುವುದಿಲ್ಲ. 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಸಾಕು, ಬಹುತೇಕ ಜನರಿಗೆ ಇದು ಗೊತ್ತಾಗುತ್ತದೆ. ಚಳಿಗಾಲದಲ್ಲಿ ಮಲೆನಾಡು, ಕೊಡಗಷ್ಟೇ ಏಕೆ, ಬೆಂಗಳೂರಿನ ಹೊರವಲಯದಲ್ಲೂ ರಾತ್ರಿ ಅದಕ್ಕಿಂತ ಕೆಳಗಿರುತ್ತದೆ. ಅಮೆಜಾನಿನವರು ಹ್ಯಾಮಕ್‌ನ ಕೆಳಗೆ ಬೆಂಕಿ ಇಡುತ್ತಿದ್ದುದು ಇದಕ್ಕೇ. ಅವರದು ಹತ್ತಿ ಮತ್ತು ನಾರು. ನಮ್ಮ ನೈಲಾನಿಗೆ ಒಂದು ಕಿಡಿ ತಾಗಿದರೆ ಕರಗಿ ತೂತಾಗುತ್ತದೆ, ಆದ್ದರಿಂದ ಆ ಪ್ರಯೋಗ ಬೇಡ.

ಅಗ್ಗದ ಪರಿಹಾರ ಫೋಮ್ ಚಾಪೆ. ಅದನ್ನು ಒಳಗೆ ಹಾಸಿಕೊಂಡು ಮಲಗಬಹುದು. ನಿದ್ದೆಯಲ್ಲಿ ಅದು ಜಾರಿ ಪಕ್ಕಕ್ಕೆ ಹೋಗುತ್ತದೆ ಎಂಬುದೇ ತೊಂದರೆ. ಎರಡು ಪದರದ ಬಟ್ಟೆಯ ಹ್ಯಾಮಕ್ ಆದರೆ ಪದರಗಳ ನಡುವೆ ತುರುಕಿಡಬಹುದು. ನಿಜವಾದ ಪರಿಹಾರ ಹ್ಯಾಮಕ್‌ನ ಹೊರಗಡೆ, ಅಡಿಭಾಗಕ್ಕೆ ಅಂಟಿಕೊಂಡಂತೆ ತೂಗುಬಿಡುವ ಅಂಡರ್‌ಕ್ವಿಲ್ಟ್ ಎಂಬ ರಜಾಯಿ. ಮೈಭಾರ ಅದರ ಮೇಲೆ ಬೀಳದ ಕಾರಣ ಅದು ಉಬ್ಬಿಯೇ ಇರುತ್ತದೆ. ಕಟ್ಟುವಾಗ ನಡುವೆ ಸಂದಿ ಬಿಡಬಾರದು. ಸಂದಿಯಲ್ಲಿ ಗಾಳಿ ನುಗ್ಗಿದರೆ ಅದು ಇದ್ದೂ ಇಲ್ಲದಂತೆ. ಕುರಿ ಉಣ್ಣೆಯ ಕಂಬಳಿಯ ನಾಲ್ಕು ಮೂಲೆಗೆ ಎಲಾಸ್ಟಿಕ್ ದಾರ ಕಟ್ಟಿ ಹೀಗೇ ತೂಗುಬಿಡಬಹುದು. ಭಾರ ಹೆಚ್ಚು, ಹೊತ್ತು ನಡೆಯುವವರಿಗಲ್ಲ. ಆದರೆ ಗಾಡಿಯಲ್ಲಿ ಹೋಗಿ ತೋಟದಲ್ಲಿ ಮಲಗುವವರಿಗೆ ಹೊಸದಾಗಿ ಸಾವಿರಾರು ರೂಪಾಯಿ ಸುರಿಯುವ ಅಗತ್ಯವಿಲ್ಲ.

ಮಳೆ

ಹ್ಯಾಮಕ್‌ನ ಮೇಲೆ ಒಂದು ತಾಡಪಾಲು ಬೇಕೇ ಬೇಕು. ಅದು ಹ್ಯಾಮಕ್‌ನ ಎರಡೂ ತುದಿಯಿಂದ ಕನಿಷ್ಠ ಒಂದು ಗೇಣು ಹೊರಚಾಚಿರಲಿ. ಮೂರು ಮೀಟರ್ ಚೌಕದ ಹೊದಿಕೆಯನ್ನು ಮೂಲೆಯಿಂದ ಮೂಲೆಗೆ ಕಟ್ಟಿದರೆ ಕರ್ಣದ ಉದ್ದ ನಾಲ್ಕು ಮೀಟರ್ ದಾಟುತ್ತದೆ, ಆದರೆ ಬದಿಗಳು ಕಿರಿದಾಗುತ್ತವೆ. ಎರಚಲು ಹೊಡೆಯುವ ಮಲೆನಾಡಿನ ಮಳೆಗೆ ಬದಿಗಳೂ ಇಳಿಬಿದ್ದ ಆಯತಾಕಾರದ್ದೇ ಮೇಲು. ಮರಗಳ ನಡುವೆ ದಾರವೊಂದನ್ನು ಬಿಗಿದು ತಾಡಪಾಲನ್ನು ಅದರ ಮೇಲೆ ಹಾಯಿಸಿ, ಮೂಲೆಗಳನ್ನು ಗೂಟಕ್ಕೋ ಗಿಡದ ಬುಡಕ್ಕೋ ಎಳೆದು ಕಟ್ಟುವುದು ವಾಡಿಕೆ. ಹ್ಯಾಮಕ್ ಜೋಲಬೇಕು, ತಾಡಪಾಲು ಸೆಟೆದಿರಬೇಕು.

ಮೇಲಿನಿಂದ ಸೋರದಿದ್ದರೂ ಬೆಳಿಗ್ಗೆ ಹ್ಯಾಮಕ್ ಒದ್ದೆಯಾಗಿರುವುದುಂಟು. ಮರದ ಕಾಂಡದ ಮೇಲೆ ಇಳಿದ ನೀರು ಪಟ್ಟಿಯನ್ನು ಹಿಡಿದು ಹರಿದು ಬಂದು ಬಟ್ಟೆ ಸೇರುತ್ತದೆ. ತಾಡಪಾಲಿನ ಒಳಗೆ ಬರುವ ಪಟ್ಟಿಯ ಭಾಗಕ್ಕೆ ಬೆರಳುದ್ದದ ಹತ್ತಿ ದಾರವೊಂದನ್ನು ಕಟ್ಟಿ ಇಳಿಬಿಟ್ಟರೆ ನೀರು ಅದರ ತುದಿಯಿಂದ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ. ಲೋಹದ ಕ್ಯಾರಾಬಿನರ್ ಸ್ವಲ್ಪಮಟ್ಟಿಗೆ ಇದೇ ಕೆಲಸ ಮಾಡುತ್ತದೆ. ಗುಡುಗು ಸಿಡಿಲಿನ ಹೊತ್ತಿನಲ್ಲಿ ಮಾತ್ರ ಯಾವ ಉಪಾಯವೂ ಇಲ್ಲ. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗಳಲ್ಲಿ ಮರಕ್ಕೆ ಕಟ್ಟಿಕೊಂಡು ಮಲಗುವುದು ಹುಚ್ಚುತನ; ಇಳಿದು ಸೂರಿನಡಿಗೆ ಅಥವಾ ಕಾರಿನೊಳಗೆ ಹೋಗಬೇಕು.

ಸೊಳ್ಳೆ, ಇಂಬಳ, ಉಣ್ಣೆ

ಸೊಳ್ಳೆಪರದೆ ಹ್ಯಾಮಕ್ಕಿಗೇ ಹೊಲಿದು ಬರುವ ಮಾದರಿಗಳಿವೆ, ಬೇರೆಯಾಗಿ ಚೀಲದಂತೆ ಇಡಿಯಾಗಿ ತೊಡಿಸುವವೂ ಇವೆ. ಎರಡನೆಯದು ಒಳ್ಳೆಯದು. ಒಂದೇ ಪದರದ ತೆಳು ಬಟ್ಟೆಯಾದರೆ ಸೊಳ್ಳೆ ಕೆಳಗಿನಿಂದ ಬೆನ್ನಿಗೇ ಚುಚ್ಚುತ್ತದೆ. ಚೀಲದಂಥ ಪರದೆ ಅದನ್ನೂ ತಡೆಯುತ್ತದೆ.

ಮಳೆಗಾಲದ ಇಂಬಳಗಳಿಂದ ತಪ್ಪಿಸಿಕೊಳ್ಳಲು ನೆಲಬಿಟ್ಟು ಮಲಗುವುದಕ್ಕಿಂತ ಸುಖ ಬೇರಿಲ್ಲ. ಆದರೆ ಏರುವ ಮುನ್ನ ಕಾಲು, ಕಾಲುಚೀಲ ತಪಾಸಣೆ ಮಾಡಬೇಕು. ಬೂಟುಗಳನ್ನು ನೆಲದಲ್ಲಿ ಬಿಡದೆ ಪಟ್ಟಿಗೆ ತಲೆಕೆಳಗಾಗಿ ನೇತುಹಾಕಿ. ಬೆಳಿಗ್ಗೆ ಹಾಕುವ ಮುನ್ನ ಒಮ್ಮೆ ಕೊಡವಿ.

ಉಣ್ಣೆಯ ವಿಷಯ ಹಗುರವಾದದ್ದಲ್ಲ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣ್ಣೆಯ ಕಡಿತದಿಂದ ಬರುತ್ತದೆ. ಪಶ್ಚಿಮಘಟ್ಟದ ಹಲವು ಜಿಲ್ಲೆಗಳಲ್ಲಿ ಡಿಸೆಂಬರ್‌ನಿಂದ ಮೇವರೆಗೆ ಅದರ ಹಾವಳಿ. ಚಾರಣಕ್ಕೂ ಅದೇ ಕಾಲ ಹಿತವಾದದ್ದು ಎಂಬುದು ದುರದೃಷ್ಟ. ತೂಗುಹಾಸಿಗೆಯಲ್ಲಿ ಮಲಗಿದವರಿಗೆ ತರಗೆಲೆಯ ಮೇಲೆ ಮಲಗಿದವರಿಗಿಂತ ಅಪಾಯ ಕಡಿಮೆ ಎನ್ನಬಹುದು, ಆದರೆ ಸೌದೆ ತರಲು, ನೀರಿಗೆ ಹೋಗಲು ಅದೇ ಕಾಡಿನಲ್ಲಿ ನಡೆಯಲೇಬೇಕು. ಮಂಗ ಸತ್ತ ಸುದ್ದಿ ಇರುವ ಊರಿನ ಕಾಡಿಗೆ ಹೋಗಬೇಡಿ. ಆ ಭಾಗದವರಿಗೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿ, ಮರಳಿದ ಮೇಲೆ ಬಟ್ಟೆಯನ್ನು ಬಿಸಿನೀರಿಗೆ ಹಾಕಬೇಕು. ಮರಳಿದ ಕೆಲವು ದಿನಗಳಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲೇ ಹೇಳಬೇಕು.

ಎಲ್ಲಿ ಕಟ್ಟಬಹುದು

ಅಮೆರಿಕದಲ್ಲಿರುವ ಕನ್ನಡಿಗರಿಗೆ ಈ ಪ್ರಶ್ನೆ ಅಷ್ಟು ಕಾಡದು. ಜಾರ್ಜಿಯಾದಿಂದ ಮೇನ್‌ವರೆಗೆ 3,500 ಕಿಲೋಮೀಟರ್ ಹರಡಿದ ಅಪಲೇಚಿಯನ್ ಹಾದಿಯಲ್ಲಿ ಹ್ಯಾಮಕ್ ಹೊತ್ತು ನಡೆಯುವವರು ಸಾಲುಸಾಲು. ಅಲ್ಲೂ ಕೆಲವು ಉದ್ಯಾನಗಳು ಅಗಲ ಪಟ್ಟಿಯನ್ನು ಕಡ್ಡಾಯ ಮಾಡಿವೆ, ಕೆಲವು ಮರಕ್ಕೆ ಕಟ್ಟುವುದನ್ನೇ ನಿಷೇಧಿಸಿವೆ.

ಕರ್ನಾಟಕದಲ್ಲಿ ಕಂಡ ಕಾಡಿನಲ್ಲಿ ಕಟ್ಟುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗೆ ಕಾಲಿಡಲೇ ಅನುಮತಿ ಬೇಕು, ರಾತ್ರಿ ತಂಗುವುದು ದೂರದ ಮಾತು. ಮೀಸಲು ಅರಣ್ಯಗಳಲ್ಲೂ ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಬಿಡಾರ ಹೂಡುವಂತಿಲ್ಲ. ಚಾರಣದ ಟಿಕೆಟ್ ಸಿಕ್ಕಿತೆಂದರೆ ತಂಗಲು ಅನುಮತಿ ಸಿಕ್ಕಂತಲ್ಲ. ಮರಕ್ಕೆ ಕಟ್ಟಿದ ಬಟ್ಟೆ ಗುಡಾರವಾಗುವುದಿಲ್ಲ ಎಂಬ ವಾದವನ್ನು ಫಾರೆಸ್ಟ್ ಗಾರ್ಡ್ ಮುಂದೆ ಮಂಡಿಸಿ ಗೆದ್ದವರಿಲ್ಲ.

ಉಳಿದದ್ದು ಖಾಸಗಿ ಜಾಗಗಳು: ಸ್ವಂತ ಅಥವಾ ನೆಂಟರ ತೋಟ, ಹೋಮ್‌ಸ್ಟೇ, ಬಿಡಾರಕ್ಕೆಂದೇ ಬಾಡಿಗೆಗೆ ಕೊಡುವ ಜಮೀನು. ಯಜಮಾನರ ಒಪ್ಪಿಗೆ ಜೊತೆಗೆ ಅಲ್ಲಿನ ಕೆಲಸಗಾರರ ಮಾತೂ ಕೇಳಬೇಕು. ಕೊಡಗು, ಸಕಲೇಶಪುರದ ಕಡೆ ಕಾಫಿ ತೋಟಗಳಿಗೆ ಆನೆ ಬರುವುದು ಹೊಸದಲ್ಲ. ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಈ ವಾರ ಬೇಡ ಎಂದರೆ ಮರುಮಾತಾಡದೆ ಹೊರಡಿ. ನೆಲದಿಂದ ಒಂದೂವರೆ ಅಡಿ ಮೇಲೆ ಮಲಗಿದ್ದೇವೆ ಎಂಬುದು ಆನೆಗೆ ಯಾವ ವ್ಯತ್ಯಾಸವನ್ನೂ ಮಾಡುವುದಿಲ್ಲ.

ಮೊದಲ ರಾತ್ರಿಗೆ ಮುನ್ನ

ಹಗಲಲ್ಲಿ, ಮನೆಯ ಹತ್ತಿರ ಕಟ್ಟಿ ಕಲಿಯಿರಿ. ಮೊದಲು ಕೈಯಿಂದ ಒತ್ತಿ, ಆಮೇಲೆ ನಿಧಾನಕ್ಕೆ ಕೂತು ನೋಡಿ. ಪಟ್ಟಿ ಜಾರಿದರೆ ಆಗಲೇ ಗೊತ್ತಾಗುತ್ತದೆ. ಏರುವಾಗ ನಡುಭಾಗದ ಬಟ್ಟೆಯನ್ನು ಹಿಂದಕ್ಕೆ ಹರಡಿ ಅದರ ಮೇಲೆ ಕೂರಬೇಕು, ಒಂದು ಅಂಚಿನ ಮೇಲೆ ಕೂತರೆ ಹಿಂದಕ್ಕೆ ಬೀಳುತ್ತೀರಿ. ಜೇಬಿನಲ್ಲಿ ಕೀಲಿ, ಚಾಕು ಇರಬಾರದು. ಮಧ್ಯಾಹ್ನದ ಎರಡು ತಾಸು ನಿದ್ದೆ ಸರಾಗವಾಗಿ ಬಂತೆಂದರೆ ರಾತ್ರಿಗೆ ಧೈರ್ಯ ಮಾಡಬಹುದು. ಆ ಮೊದಲ ರಾತ್ರಿ ಬಾಗಿಲು ತೆರೆದು ಒಳಗೆ ಓಡಿಹೋಗುವಷ್ಟು ಹತ್ತಿರದಲ್ಲಿ ಮನೆ ಇರಲಿ.

ಮಳೆಯ ಊರಿನಲ್ಲಿ ಕೆಲಸದ ಕ್ರಮ ಮುಖ್ಯ. ಮೊದಲು ತಾಡಪಾಲು ಕಟ್ಟಿ, ಅದರ ನೆರಳಿನಲ್ಲಿ ಪಟ್ಟಿ, ಹ್ಯಾಮಕ್, ಪರದೆ, ಕೊನೆಗೆ ಹೊದಿಕೆ ಬಿಚ್ಚಬೇಕು. ಬೆಳಿಗ್ಗೆ ಇದೇ ಉಲ್ಟಾ: ಹೊದಿಕೆ ಮೊದಲು ಚೀಲ ಸೇರಲಿ, ತಾಡಪಾಲು ಎಲ್ಲಕ್ಕಿಂತ ಕೊನೆಗೆ ಇಳಿಯಲಿ, ಒದ್ದೆಯಾದ ಅದನ್ನು ಚೀಲದ ಹೊರಗೆ ಕಟ್ಟಿಕೊಳ್ಳಿ. ಮನೆ ತಲುಪಿದ ದಿನವೇ ಎಲ್ಲವನ್ನೂ ನೆರಳಿನಲ್ಲಿ ಆರಹಾಕಬೇಕು. ಬಿಸಿಲು ನೈಲಾನನ್ನು ನಿಧಾನಕ್ಕೆ ತಿನ್ನುತ್ತದೆ, ಒದ್ದೆಯಿಟ್ಟರೆ ಬೂಷ್ಟು ಹಿಡಿಯುತ್ತದೆ. ಪಟ್ಟಿಯ ಅಂಚಿನಲ್ಲಿ ಎಳೆ ಬಿಟ್ಟಿದ್ದರೆ, ತುದಿಯ ಕುಣಿಕೆಯ ಹೊಲಿಗೆ ಸಡಿಲಿಸಿದ್ದರೆ ಅದನ್ನು ಮತ್ತೆ ಮರಕ್ಕೆ ಸುತ್ತದೆ ಸಾಮಾನು ಕಟ್ಟಲು ಬಳಸಿಕೊಳ್ಳಿ.